ಅಂಚು ಬಿಚ್ಚಿದ ಕಸೂತಿ

ಬೋಗ್ಮಾಳೊ ದಂಡೆಯಲ್ಲಿ ವಿಮಾನಗಳು
ತೆಂಗಿನ ತಲೆ ಸವರಿಕೊಂಡೇ ಇಳಿಯುತ್ತವೆ.
ಕೆಳಗೆ ಸಕ್ರಿಬಾಯಿ.
ತೋಳಿಗೆ ನಲವತ್ತು ಸರ, ಹೆಗಲಿಗೆ ಕನ್ನಡಿಯ ಚೀಲ,
ಸೊಂಟಕ್ಕೆ ಒಂದು ಡಬ್ಬಿ,
ದುಡ್ಡು ಬಂದರೆ ತಾನೇ ಕೂಗುವ ಡಬ್ಬಿ.

ನಾನು ಝುವಾರಿನಗರದ ಕನ್ನಡ ಶಾಲೆಯ ಅಕ್ಕೋರು.
ಹತ್ತೊಂಬತ್ತು ಮಕ್ಕಳು. ಹಾಜರಿ ಹಾಕಲು
ಟ್ಯಾಬ್ ಹಿಡಿದು ನೀರಿನ ಟಾಕಿ ಹತ್ತುತ್ತೇನೆ,
ನೆಟ್‌ವರ್ಕ್ ಇರುವುದು ಅಲ್ಲಿ ಮಾತ್ರ.
ನಾಲ್ಕು ದಿನದಿಂದ ಪೂರ್ವಿಯ ಹೆಸರಿನೆದುರು ಕೆಂಪು ಚುಕ್ಕೆ.
ಕೇಳಲು ದಂಡೆಗೇ ಹೋದೆ.

ಉಪ್ಪುಗಾಳಿಗೆ ಕಾಗದದ ಕೋಡ್ ನಿಲ್ಲುವುದಿಲ್ಲ.
ಮೂರನೆಯದು ಹರಿದ ದಿನ ಅಜ್ಜಿ ಅದನ್ನು ಬಿಸಿಲಿಗೆ ಹಿಡಿದು,
ಹೊಸ ಸೊಸೆಯ ಹೊಲಿಗೆ ನೋಡುವ ಅತ್ತೆಯ ಹಾಗೆ,
"ಇದನ್ನ ಹೊಲ್ದಾಕಿಗೆ ಅಂಚು ಹಾಕಾಕ ಬರಂಗಿಲ್ಲ" ಅಂದಳಂತೆ.

ಮೂರು ರಾತ್ರಿ, ಪತ್ರಾಸಿನ ಕೋಣೆಯಲ್ಲಿ,
ಮೊಮ್ಮಗಳು ಮೊಬೈಲಿನೊಳಗೆ ಚೌಕ ಎಣಿಸಿದಳು:
ಕರಿ ಎರಡು, ಬಿಳಿ ಒಂದು, ಕರಿ ನಾಲ್ಕು.
ಅಜ್ಜಿ ಎಳೆ ಎಣಿಸಿದಳು.
ಇಪ್ಪತ್ತೊಂಬತ್ತು ಸಾಲು, ಸಾಲಿಗೆ ಇಪ್ಪತ್ತೊಂಬತ್ತು.
ಮಗ್ಗಿ ಕಲಿಯದವಳ ಲೆಕ್ಕ ಎಲ್ಲೂ ತಪ್ಪಲಿಲ್ಲ.
ಮುಗಿದ ಮೇಲೆ, ಕೈ ಸುಮ್ಮನಿರದೆ,
ಮೂಲೆಯ ದೊಡ್ಡ ಚೌಕಕ್ಕೊಂದೊಂದು ಕನ್ನಡಿ,
ಸುತ್ತ ಕೆಂಪು ಅಂಚು, ಅಂಚಿಗೆ ಕವಡೆ.

ಮೊಬೈಲು ಕನ್ನಡಿಯಲ್ಲಿ ಆಕಾಶ ನೋಡಿತು,
ಇಳಿಯುವ ವಿಮಾನ ನೋಡಿತು,
ತನ್ನದೇ ಕಣ್ಣು ನೋಡಿತು.
ಖಾತೆ ಮಾತ್ರ ಕಾಣಲಿಲ್ಲ.

"ಸುತ್ತ ಖಾಲಿ ಬಿಡಬೇಕಂತ ಆಯಿ,
ಇಲ್ಲಾಂದ್ರ ಅದಕ್ಕ ತಾನೆಲ್ಲಿ ಶುರು ಅಂತ ತಿಳಿಯಂಗಿಲ್ಲಂತ."

ಅಜ್ಜಿ ಒಂದು ಭರತ ಪೂರ್ತಿ ಸುಮ್ಮನೆ ಕೂತಿದ್ದಳಂತೆ.
ಮದುವೆಯ ರವಿಕೆಗೆ, ತೊಟ್ಟಿಲ ಕುಲಾವಿಗೆ,
ಕೊಡದ ಸಿಂಬಿಗೆ ಕೂಡ ಅಂಚು ಹಾಕಿದ ಕೈ
ಮೊದಲ ಸಲ ಅಂಚು ಬಿಚ್ಚಿತು.
ಕವಡೆಗಳನ್ನು ಸೆರಗಿಗೆ ಕಟ್ಟಿಕೊಂಡಳು.
ಈಗ ತಗಲಿತು.

ಡಬ್ಬಿಯ ಭಾಷೆ ಬದಲಿಸಿದ್ದು ನಾನು.
ಹಿಂದಿ, ಮರಾಠಿ, ಗುಜರಾತಿ ಕೆಳಗೆ
ಕನ್ನಡ ಕಂಡದ್ದೇ ಹಿಗ್ಗಿ ಒತ್ತಿಬಿಟ್ಟೆ.
ಅವಳ ಗೋರ್‌ಬೋಲಿ ಆ ಪಟ್ಟಿಯಲ್ಲಿ ಇರಲಿಲ್ಲ.
ನಾನು ಹುಡುಕಿರಲೂ ಇಲ್ಲ.

"ಐವತ್ತು ರೂಪಾಯಿ ಸ್ವೀಕರಿಸಲಾಗಿದೆ."
"ಹಂಗಂದ್ರೇನ್ರಿ ಅಕ್ಕೋರ?"
ಬಂತು ಅಂತ.
"ಯಾರಿಗೆ?"

ಖಾತೆ ಅಳಿಯನ ಹೆಸರಲ್ಲಿದೆ.
ಅವನು ಮಡಗಾಂವದ ಸೈಟಿನಲ್ಲಿದ್ದಾನೆ,
ಅಥವಾ ಇದ್ದೇನೆ ಅನ್ನುತ್ತಾನೆ.
ಕರ್ಮಣಿ ಪ್ರಯೋಗವನ್ನು ನಾನೇ ಕಲಿಸುತ್ತೇನೆ, ಆರನೆಯವರಿಗೆ, ಉದಾಹರಣೆ ಸಹಿತ:
ಯಾರು ಪಡೆದರೆಂದು
ಹೇಳದೆಯೂ ವಾಕ್ಯ ಪೂರ್ಣ.
ಪುಸ್ತಕದಲ್ಲಿ ಅದು ಸುಲಭದ ಪಾಠ.

ಸಕ್ರಿಬಾಯಿ ಉತ್ತರಕ್ಕೆ ಕಾಯಲಿಲ್ಲ.
ಡಬ್ಬಿ ಕೂಗಿದಾಗೊಮ್ಮೆ ಬಲ ಸೆರಗಿನ ಒಂದು ಕವಡೆ
ಎಡ ಮಡಿಲಿಗೆ ಹೋಯಿತು.
ಡಬ್ಬಿಯದು ಡಬ್ಬಿಗೆ, ಅವಳದು ಅವಳಿಗೆ.
ಪಗಾರದ ದಿನ ಅಳಿಯನ ಮುಂದೆ ಸುರಿಯುತ್ತಾಳಂತೆ.

ಸಂಜೆ ಶೇಂಗಾ ತಿನ್ನುತ್ತ ಮೂವರೂ ತಾಳೆ ನೋಡಿದೆವು.
ಮೊಬೈಲಿನಲ್ಲಿ ಹನ್ನೊಂದು.
ಮಡಿಲಲ್ಲಿ ಹನ್ನೆರಡು.

ಪೂರ್ವಿ ಮತ್ತೆ ಎಣಿಸಿದಳು. ನಾನೂ.
ತಪ್ಪಿದೆ ಆಯಿ, ಒಂದು ಹೆಚ್ಚಾಗಿದೆ.

"ಹೆಚ್ಚಿಲ್ಲ. ಮಧ್ಯಾಹ್ನ ಟೊಪಿಗಿ ಹುಡುಗ ಬಂದಿದ್ನಲ್ಲ,
ಸರ ಒಲ್ಲೆ ಅಂದ, ಚೀಲ ಒಲ್ಲೆ ಅಂದ,
ನಾ ಹೊಲ್ದದ್ದರ ಫೋಟೊ ತಕ್ಕೊಂಡ,
ಬಗ್ಗಿ ಬಗ್ಗಿ, ಮೂರು ಸಲ.
ಡಬ್ಬಿ ಒದರಲಿಲ್ಲ.

ಏನೋ ಒಂದು ಒಯ್ದಾನಲ್ಲವಾ
ಅವನೂ."